ಕಲ್ಲುಗುಡ್ಡೆಯ ಜಾಲಿ

ಹೊಲ ನೋಡೋಕೆ ಹೋದವನಿಗೆ ಹೊಲವೇ ಕಾಣಲಿಲ್ಲ. ಬಿಳಿಚೋಡಿನ ಆಚೆ, ಬೈಕಿನ ಹಿಂದೆ ಕೂರಿಸಿಕೊಂಡು ಹೋದ ರೈತ ಒಂದು ಬದುವಿನ ಹತ್ತಿರ ಗಾಡಿ ನಿಲ್ಲಿಸಿ, "ಇದೇ ನೋಡ್ರಿ ಅಣ್ಣಾ, ಮೂರೂವರೆ ಎಕರೆ" ಅಂದ. ನನ್ನ ಕಣ್ಣ ಮುಂದೆ ಇದ್ದದ್ದು ಬಳ್ಳಾರಿ ಜಾಲಿ, ಬರೀ ಬಳ್ಳಾರಿ ಜಾಲಿ. ಆಳೆತ್ತರ ಮೀರಿ ಬೆಳೆದು, ಒಂದರೊಳಗೊಂದು ಹೆಣೆದುಕೊಂಡು, ನಾಯಿ ನುಗ್ಗೋಕೂ ಸಂದಿ ಇರಲಿಲ್ಲ.

ನಾನು ಸವಳಂಗದವನು. ನಮ್ಮ ಕಡೆ ಪಾಳು ಜಮೀನು ಅಂದರೆ ಲಂಟಾನ. ಜೆಸಿಬಿಯ ಮುಂದಿನ ಬಕೆಟ್ಟು ನೆಲಕ್ಕೆ ತಾಗಿಸಿ ನೂಕಿದರೆ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತೆ. ಆ ಧೈರ್ಯದಲ್ಲಿ "ಎರಡು ದಿನದ ಕೆಲಸ ಬಿಡ್ರಿ" ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ ಇರುತ್ತೆ.

ಜಗಳೂರು ತಾಲ್ಲೂಕಿನ ಒಂದು ಕೆರೆಯಲ್ಲಿ ಹೂಳೆತ್ತುವ ಕೆಲಸ ಮುಗಿಸಿ ಮಷಿನ್ನು ಅಲ್ಲೇ ನಿಂತಿತ್ತು. ಮುಂದಿನ ಕೆಲಸ ಹೊನ್ನಾಳಿ ಹತ್ತಿರ, ಅದಕ್ಕೆ ಇನ್ನೂ ಐದು ದಿನ ಇತ್ತು. ಸುಮ್ಮನೆ ಕೂರೋದಕ್ಕಿಂತ ಇದನ್ನು ಮುಗಿಸಿ ಹೋಗೋಣ ಅಂತ ಒಪ್ಪಿಕೊಂಡೆ. ಹೊಲ ಆ ರೈತನ ತೀರಿಹೋದ ಅಣ್ಣನ ಪಾಲಿನದು, ಈಗ ಅತ್ತಿಗೆಯ ಹೆಸರಿನಲ್ಲಿತ್ತು. ಆಕೆ ಊರಿನ ಹಾಸ್ಟೆಲ್ಲಿನಲ್ಲಿ ಅಡುಗೆಯವರು. ಅಣ್ಣ ಹೋದ ಮೇಲೆ ಒಂಬತ್ತು ವರ್ಷ ಯಾರೂ ಉತ್ತಿರಲಿಲ್ಲ. ಈ ಮುಂಗಾರಿಗೆ ಮೈದುನನೇ ಉತ್ತು ಮೆಕ್ಕೆಜೋಳ ಹಾಕೋದು, ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು ಅಂತ ಮಾತಾಗಿತ್ತು.

ಮರುದಿನ ಬೆಳಗ್ಗೆ ಪಡುವಣ ಮೂಲೆಯಿಂದ ಶುರು ಮಾಡಿದೆ. ಮುಂದಿನ ಬಕೆಟ್ಟಿನಲ್ಲಿ ನೂಕಿದರೆ ಜಾಲಿ ಬಾಗುತ್ತಿತ್ತು, ಬಕೆಟ್ಟು ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿತ್ತು. ಮಷಿನ್ ತಿರುಗಿಸಿ, ಹಿಂದಿನ ಬಕೆಟ್ಟಿನ ಹಲ್ಲು ಬುಡಕ್ಕೆ ಸಿಕ್ಕಿಸಿ ಎಳೆದೆ. ಲಟಲಟ ಮುರಿದುಕೊಂಡು ಬಂದವು. ಆ ಸದ್ದು ಕೇಳೋಕೆ ನನಗೆ ಖುಷಿ. ಮಧ್ಯಾಹ್ನದ ಹೊತ್ತಿಗೆ ಅರ್ಧ ಎಕರೆ ಬಯಲಾಯಿತು. ಎದುರಿಗೆ, ಇಪ್ಪತ್ತು ಮಾರು ದೂರದಲ್ಲಿ, ಉಳಿದವಕ್ಕಿಂತ ಎತ್ತರದ ಒಂದು ಮೆಳೆ ಕಾಣಿಸಿತು. ಊಟಕ್ಕೆ ಮುಂಚೆ ಅದನ್ನೊಂದು ಕಿತ್ತುಬಿಡೋಣ ಅಂತ ಮಷಿನ್ನಿನ ಮುಖ ಅತ್ತ ತಿರುಗಿಸಿದೆ. ಅಷ್ಟರಲ್ಲಿ ಮುಂದಿನ ಟೈರು ಕೂತುಹೋಯಿತು. ಇಳಿದು ನೋಡಿದರೆ ಬೆರಳುದ್ದದ ಮುಳ್ಳು, ಒಂದಲ್ಲ, ಮೂರು. ಗಿಡಕ್ಕೂ ಅದನ್ನು ಹುಟ್ಟಿಸಿದವನಿಗೂ ಸೇರಿಸಿ ಬೈದೆ. ಚಕ್ರ ಬಿಚ್ಚಿ, ಲಗೇಜ್ ಆಟೋದಲ್ಲಿ ಜಗಳೂರಿಗೆ ಒಯ್ದು, ಪಂಕ್ಚರ್ ಹಾಕಿಸಿಕೊಂಡು ಬರೋ ಹೊತ್ತಿಗೆ ಹೊತ್ತು ಇಳಿದಿತ್ತು.

ನಟ್ಟು ಬಿಗಿಯುತ್ತಾ ಕೂತಿದ್ದಾಗ ಬದುವಿನ ಮೇಲೆ ಒಬ್ಬ ಹೆಂಗಸು ಬಂದು ನಿಂತರು. ನನ್ನ ವಯಸ್ಸಿನವರೇ ಇರಬೇಕು. ಕೈಯಲ್ಲಿ ಊಟದ ಡಬ್ಬಿ, ಸೆರಗಿನ ಅಂಚಿನಲ್ಲಿ ಹಿಟ್ಟು. ಇವರೇ ಅತ್ತಿಗೆ ಅಂತ ಗೊತ್ತಾಯಿತು.

"ಅಣ್ಣಾರೆ, ಈ ಬಕೆಟ್ಟು ಎಷ್ಟು ಆಳ ಹೋಗುತ್ತೆ?" ಅಂದರು.

ಮೇಲ್ಮಣ್ಣು ಹಾಳಾಗುತ್ತೆ ಅನ್ನೋ ಚಿಂತೆ ಇರಬೇಕು ಅಂದುಕೊಂಡೆ. "ಬೇಕಾದಷ್ಟು ಹೋಗುತ್ತೆ ಅಕ್ಕಾರೆ. ಮೂರಡಿ, ನಾಲ್ಕಡಿ. ಮಣ್ಣು ಇಲ್ಲೇ ಇರುತ್ತೆ, ಯೋಚನೆ ಮಾಡಬ್ಯಾಡ್ರಿ" ಅಂದೆ.

"ಅಷ್ಟೇ ಆಳದಾಗೆ ನನ್ನ ಮಗಳು ಅದಾಳೆ."

ಸ್ಪಾನರ್ ಕೆಳಗಿಟ್ಟೆ. ಅವರು ಅಳಲಿಲ್ಲ, ದನಿ ಕೂಡ ಬದಲಾಗಲಿಲ್ಲ. ಬದುವಿನ ಮೇಲೆ ಕೂತು, ಡಬ್ಬಿ ಪಕ್ಕದಲ್ಲಿಟ್ಟು ಹೇಳಿದರು. ಮೊದಲ ಹೆರಿಗೆ, ಹೆಣ್ಣು ಮಗು, ಹನ್ನೊಂದು ದಿನ ಬದುಕಿತ್ತು. ಇಪ್ಪತ್ತೊಂದು ವರ್ಷದ ಹಿಂದೆ, ಇಂಥದೇ ಬೇಸಿಗೆಯಲ್ಲಿ. ಅವರಲ್ಲಿ ಬಾಣಂತಿಯನ್ನು ಮಣ್ಣಿಗೆ ಕರೆದುಕೊಂಡು ಹೋಗೋದಿಲ್ಲ. ಗಂಡ ಕೂಸನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಊರಿನ ಒಬ್ಬ ಹಿರಿಯರ ಜೊತೆ ಹೊರಟರು. ಆ ಹಿರಿಯರೂ ಈಗಿಲ್ಲ.

"ಎಲ್ಲಿಟ್ರಿ ಅಂತ ಕೇಳಿದೆ. ನಮ್ಮ ಹೊಲದಾಗೆ ಅಂದ್ರು. ಹೊಲದಾಗೆ ಎಲ್ಲಿ ಅಂದ್ರೆ ಹೇಳ್ಲಿಲ್ಲ. ಹೇಳಿದ್ರೆ ದಿನಾ ಹೋಗಿ ಕುಂತ್ಕಂತೀಯ ಅಂದ್ರು. ಕುಂತ್ಕಂತಿದ್ದೆ ಬಿಡ್ರಿ, ಸುಳ್ಳಲ್ಲ." ಸೆರಗಿನ ಹಿಟ್ಟು ಕೊಡವಿ ಮತ್ತೆ ಹೇಳಿದರು: "ಅವತ್ತು ಬಂದಾಗ ಅವರ ಕೈಯೆಲ್ಲಾ ಗೀರಿತ್ತು. ನಾಯಿ ನರಿ ಕೆದರಬಾರ್ದು ಅಂತ ಕೆರೆ ಏರಿ ಮ್ಯಾಲಿನ ಜಾಲಿ ಮುಳ್ಳು ಕಡ್ಕಂಡು ಬಂದು ಮ್ಯಾಲೆ ಹಾಕಿದ್ರಂತೆ. ಅಂಗೈಯಾಗೆ ಮುರ್ಕಂಡಿದ್ದ ಮುಳ್ಳು ನಾನೇ ಪಿನ್ನಾಗೆ ತೆಗ್ದೆ. ಆಮ್ಯಾಲೆ ಇಬ್ರು ಹುಡುಗ್ರು ಆದ್ರು, ದೇವ್ರು ಚೆನ್ನಾಗಿಟ್ಟಾನೆ. ಆದ್ರೂ ಇದು ಬ್ಯಾರೆ."

"ಹಂಗಾದ್ರೆ ಕೆಲಸ ನಿಲ್ಲಿಸಲಾ ಅಕ್ಕಾರೆ?"

"ನಿಲ್ಲಿಸಬ್ಯಾಡ್ರಿ. ಹೊಲ ಹಿಂಗೆ ಪಾಳು ಬಿದ್ರೆ ಅವಳಿಗೇನು ಸುಖ? ನೋಡ್ಕಂಡು ಮಾಡ್ರಿ ಅಂತ ಹೇಳಾಕೆ ಬಂದೆ" ಅಂದು, ಡಬ್ಬಿ ನನ್ನ ಕೈಗೆ ಕೊಟ್ಟು ಹೋದರು. ಡಬ್ಬಿಯಲ್ಲಿ ರೊಟ್ಟಿ, ಹೆಸರುಕಾಳು ಪಲ್ಯ ಇತ್ತು.

ಡಬ್ಬಿ ಹಾಗೇ ಮುಚ್ಚಿಟ್ಟೆ. ಬೆಳಗ್ಗೆಯಿಂದ ಅರ್ಧ ಎಕರೆ ಕಿತ್ತು ಹಾಕಿದ್ದೆ. ಬ್ಯಾಟರಿ ಹಿಡಿದು ಆ ಮಣ್ಣನ್ನೆಲ್ಲಾ ಕಾಲಲ್ಲಿ ಕೆದಕಿ ಕೆದಕಿ ನೋಡಿದೆ. ಬೇರು, ಕಲ್ಲು, ಮತ್ತೆ ಬೇರು. ಇದನ್ನು ಮೊದಲೇ ಹೇಳದ ಮೈದುನನ ಮೇಲೆ ಮೈಯೆಲ್ಲಾ ಉರಿಯುವಷ್ಟು ಸಿಟ್ಟು ಬಂತು.

ಬೆಳಗ್ಗೆ ಅವನು ಬಂದ ಕೂಡಲೇ ತರಾಟೆಗೆ ತಗೊಂಡೆ. ಅವನು ತಲೆ ತಗ್ಗಿಸಿ ನಿಂತ. "ನಾನಾಗ ಚನ್ನಗಿರಿ ಹಾಸ್ಟೆಲ್ನಾಗೆ ಓದ್ತಿದ್ದೆ ಅಣ್ಣಾ, ಜಾಗ ನನಗೂ ಗೊತ್ತಿಲ್ಲ. ಇಷ್ಟು ವರ್ಷ ಆತು, ಸಣ್ಣ ಕೂಸು, ಏನಿರುತ್ತೆ ಹೇಳ್ರಿ. ಅತ್ತಿಗೆ ಮನಸ್ಸು ನೋಯಿಸಬೇಕಂತ ಅಲ್ಲ. ಬೀಜ ತಂದಿಟ್ಟೀನಿ, ಇವರ ಹೊಲ ನಂಬ್ಕಂಡು ಈ ಸಲ ಬ್ಯಾರೆಯವರ ಹೊಲ ಕೋರು-ಪಾಲಿಗೆ ಹಿಡೀಲಿಲ್ಲ. ಮಳೆ ಹಿಡಿಯೋದ್ರಾಗೆ ನೆಲ ಸಿಗಬೇಕು" ಅಂದ. ಅವನ ಮಾತೂ ತಪ್ಪಿರಲಿಲ್ಲ. ಆಮೇಲೆ ಒಂದು ಉಪಾಯ ಹೇಳಿದ: "ಬೆಂಕಿ ಕೊಡೋಣ. ಒಂದು ದಿನದಾಗೆ ನೆಲ ಕಾಣುತ್ತೆ. ಆಮೇಲೆ ಹುಡುಕಿದ್ರಾತು."

ಹಸಿ ಜಾಲಿ ಬೆಂಕಿಗೆ ಹೆದರೋ ಗಿಡವಲ್ಲ. ಎಲೆ, ಪುರಳೆ ಸುಟ್ಟು ಹೋಗುತ್ತೆ, ಬುಡ ಹಾಗೇ ಕೂತಿರುತ್ತೆ. ಪಕ್ಕದ ಹೊಲದಲ್ಲಿ ಹನಿ ನೀರಾವರಿ ಪೈಪು ಬೇರೆ ಇತ್ತು. ಇದನ್ನೆಲ್ಲಾ ಹೇಳೋಣ ಅಂತ ಬಾಯಿ ತೆಗೆಯೋದರೊಳಗೆ ಹಾಸ್ಟೆಲ್ಲಿಗೆ ಹೋಗುವ ದಾರಿಯಲ್ಲಿ ಬಂದು ಹಿಂದೆ ನಿಂತಿದ್ದ ಅಕ್ಕ ಅಂದರು: "ಬೆಂಕಿ ಬ್ಯಾಡ. ನಾವು ಹೂಳೋ ಜನ, ಸುಡೋ ಜನ ಅಲ್ಲ." ಮೈದುನ ಆ ಮಾತು ಮತ್ತೆ ಎತ್ತಲಿಲ್ಲ.

ಅವತ್ತೇ ಇದ್ದಿಲಿನ ಯಜಮಾನ ಬಂದದ್ದು. ಜಾಲಿ ಕಡಿದು ಇದ್ದಿಲು ಸುಟ್ಟು ಮಾರುವ ಮುದುಕ, ಜೊತೆಗೆ ಹೆಂಡತಿ. ರಸ್ತೆಯಿಂದ ನನ್ನ ಗುಡ್ಡೆ ಕಂಡು ಸೌದೆ ಕೇಳೋಕೆ ಬಂದಿದ್ದರು. ಅವನು ನನ್ನ ಅರ್ಧ ಎಕರೆಯಲ್ಲಿ ಒಂದು ಸುತ್ತು ಹಾಕಿ ಬಂದು, ಬೀಡಿ ಹಚ್ಚಿ, "ಮಷಿನ್ ಸಾಹುಕಾರ್ರು ಒಳ್ಳೆ ಕ್ಷೌರ ಮಾಡೀರಿ" ಅಂದ.

"ಯಾಕೆ ಯಜಮಾನ್ರೆ?"

"ಬರ್ರಿ ಇಲ್ಲಿ" ಅಂತ ಕರೆದುಕೊಂಡು ಹೋಗಿ ಪಿಕಾಸಿಯಲ್ಲಿ ಒಂದು ಕಡೆ ಅಗೆದು ತೋರಿಸಿದ. ಜಾಲಿಗೆ ನೆಲದ ಒಳಗೆ, ಒಂದು ಗೇಣು ಕೆಳಗೆ, ಗಂಟು ಕಟ್ಟಿದ ಕುತ್ತಿಗೆ ಇರುತ್ತೆ. ನನ್ನ ಬಕೆಟ್ಟು ಎಳೆದದ್ದೆಲ್ಲಾ ಆ ಕುತ್ತಿಗೆಯ ಮೇಲೆ ಮುರಿದುಕೊಂಡು ಬಂದಿತ್ತು. ಕುತ್ತಿಗೆ ಒಳಗೇ ಉಳಿದರೆ ಒಂದು ಮಳೆಗೆ ಒಂದರ ಜಾಗದಲ್ಲಿ ಎಂಟು ಚಿಗುರು. ನಂಬದಿದ್ದರೆ ನೋಡಿ ಅಂತ ಹೋದ ವರ್ಷ ಮಷಿನ್ನಿನಲ್ಲಿ ಕೀಳಿಸಿದ ಒಂದು ಹೊಲಕ್ಕೆ ಕರೆದುಕೊಂಡು ಹೋದ. ಸೊಂಟದೆತ್ತರ ಎದ್ದು ನಿಂತಿದ್ದವು, ಮೊದಲಿಗಿಂತ ಒತ್ತಾಗಿ. ಲಂಟಾನದಲ್ಲಿ ಕಲಿತ ವಿದ್ಯೆ ಜಾಲಿಗೆ ನಡೆಯಲ್ಲ ಅಂತ ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಅಕ್ಕನೂ ಸೇರಿ ಐದೂ ಜನ ಬದುವಿನ ಮೇಲೆ ಕೂತು ಒಂದು ತೀರ್ಮಾನಕ್ಕೆ ಬಂದೆವು. ಮೊದಲು ಯಜಮಾನ ಮತ್ತು ಅವನ ಹೆಂಡತಿ ಕೊಡಲಿ, ಮಚ್ಚಿನಲ್ಲಿ ಕಡಿಯೋದು, ಮೊಣಕಾಲೆತ್ತರ ಬುಡ ಬಿಟ್ಟು. ಸೌದೆ ಅವರದು, ಆದರೆ ಇದ್ದಿಲಿನ ಭಟ್ಟಿ ಈ ಹೊಲದಲ್ಲಿ ಹಾಕೋ ಹಾಗಿಲ್ಲ. ಕಡಿದ ಜಾಗವನ್ನು ನಾನು, ಮೈದುನ ನಡೆದು ನೋಡೋದು: ಜೋಡಿಸಿಟ್ಟ ಕಲ್ಲು, ತಗ್ಗು, ಏನಾದರೂ ಗುರುತು. ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಮಷಿನ್ ಒಳಗೆ ಬರೋದು, ಒಂದೊಂದೇ ಬುಡದ ಪಕ್ಕಕ್ಕೆ ಬಕೆಟ್ಟು ಇಳಿಸಿ ಕುತ್ತಿಗೆಯ ಕೆಳಗಿಂದ ಎತ್ತೋದು. ನಾನು ಕಿತ್ತು ಕೆಡಿಸಿದ ಅರ್ಧ ಎಕರೆಯನ್ನು ನಾನೇ ಪಿಕಾಸಿ ಹಿಡಿದು ಸರಿ ಮಾಡೋದು. ಎಷ್ಟು ದಿನ ಅಂತ ಮೈದುನ ಕೇಳಿದ. ಹತ್ತು, ಹನ್ನೆರಡು ಅಂದೆ. ಅವನು ಆಕಾಶ ನೋಡಿದ.

ಹೊನ್ನಾಳಿಯವರಿಗೆ ಫೋನ್ ಮಾಡಿ ಒಂದು ವಾರ ತಡ ಆಗುತ್ತೆ ಅಂದೆ. ಆಯ್ತು ಅಂದರು. ನಾಲ್ಕನೇ ದಿನ ಅವರೇ ಫೋನ್ ಮಾಡಿ, ಬೇರೆ ಮಷಿನ್ ಸಿಕ್ತು, ಬೇಜಾರು ಮಾಡ್ಕೋಬೇಡಿ ಅಂದರು. ಬೇಜಾರಾಯಿತು. ಅದನ್ನು ಆ ಹೊಲದಲ್ಲಿ ಯಾರಿಗೂ ಹೇಳಲಿಲ್ಲ.

ಕೈ ಕೆಲಸ ಅಂದರೆ ಏನು ಅಂತ ಆ ವಾರ ಗೊತ್ತಾಯಿತು. ಲಿವರ್ ಹಿಡಿದು ಹಿಡಿದು ಮೆತ್ತಗಾದ ಅಂಗೈಯಲ್ಲಿ ಎರಡೇ ದಿನಕ್ಕೆ ಬೊಬ್ಬೆ. ಮುದುಕನ ಹೆಂಡತಿ ನನ್ನ ಪಿಕಾಸಿ ಹಿಡಿಯೋ ರೀತಿ ನೋಡಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಗೋಳು. ಆಕೆ ಕಡಿಯೋದು ನೋಡಬೇಕು: ಮೊದಲು ಕವೆಗೋಲಿನಲ್ಲಿ ಮುಳ್ಳಿನ ಕೊಂಬೆ ಎತ್ತಿ ಹಿಡಿದು, ಕೆಳಗೆ ಬಗ್ಗಿ, ಒಂದೇ ಏಟು. ಕೊಂಬೆ ಬೀಳೋ ದಿಕ್ಕು ಮೊದಲೇ ಗೊತ್ತಿರೋದು. ಒಂದು ಮುಳ್ಳೂ ಆಕೆಗೆ ಚುಚ್ಚಿದ್ದು ನಾನು ಕಾಣಲಿಲ್ಲ. ಮೈದುನನಿಗೂ ನನಗೂ ಮಾತ್ರ ದಿನಾ ಸಂಜೆ ಪಿನ್ನು ಹಿಡಿದು ಕೂರೋ ಕೆಲಸ. ಅಕ್ಕ ಹಾಸ್ಟೆಲ್ಲಿನ ಅಡುಗೆ ಮುಗಿಸಿ ದಿನಾ ಐದು ಗಂಟೆಗೆ ಬರೋರು. ಏನಾದರೂ ಕಾಣ್ತಾ ಅಂತ ಕೇಳುತ್ತಿರಲಿಲ್ಲ. ನಾನು ತಲೆ ಆಡಿಸಿದರೆ ಸಾಕು, ಡಬ್ಬಿ ಇಟ್ಟು ಬದುವಿನ ಮೇಲೆ ಕೂರೋರು.

ಮೂಡಲಿಂದ ಹಿಡಿದು ಆರು ದಿನದಲ್ಲಿ ಎರಡು ಎಕರೆ ಆಯಿತು. ಏನೂ ಸಿಗಲಿಲ್ಲ. ಆರನೇ ದಿನ ಸಂಜೆ ಮಳೆ ಬಂತು, ಅದೂ ಒಂದು ತಾಸು ಜೋರು ಮಳೆ. ಮೈದುನನ ಮುಖ ಕಪ್ಪಿಟ್ಟಿತು. ಆದರೆ ಬೆಳಗ್ಗೆ ಮಷಿನ್ ಇಳಿಸಿದರೆ, ಅಲ್ಲಿಯವರೆಗೆ ಹಟ ಹಿಡಿಯುತ್ತಿದ್ದ ಬುಡಗಳು ನೆನೆದ ಕೆಂಪು ಮಣ್ಣಿನಿಂದ ಕುತ್ತಿಗೆ, ಬೇರು ಸಮೇತ ಸಲೀಸಾಗಿ ಎದ್ದು ಬಂದವು. ಒಂದು ದಿನದ ಕೆಲಸ ಮಧ್ಯಾಹ್ನಕ್ಕೆ ಮುಗಿಯಿತು. ಅವನು ಮೊದಲ ಸಲ ನಕ್ಕಿದ್ದು ಅವತ್ತು.

ಎಂಟನೇ ದಿನ ಯಜಮಾನ ಪಡುವಣದ ಆ ಎತ್ತರದ ಮೆಳೆಯ ಹತ್ತಿರ ಹೋದ. ಸ್ವಲ್ಪ ಹೊತ್ತಿಗೆ ಕೊಡಲಿ ಸದ್ದು ನಿಂತಿತು. "ಸಾಹುಕಾರ್ರೆ, ಬರ್ರಿ ಇಲ್ಲಿ" ಅಂತ ಕೂಗಿದ. ಹೋಗಿ ನೋಡಿದರೆ ಆ ಹೊಲದ ಬೇರೆ ಜಾಲಿಯೆಲ್ಲಾ ತೋಳು ದಪ್ಪ, ಇದರ ಬುಡ ನನ್ನ ಎರಡು ತೋಳಿಗೂ ಸಿಗುತ್ತಿರಲಿಲ್ಲ. ಬುಡಕ್ಕೆ ಒತ್ತಿಕೊಂಡು ಒಂದು ಕಲ್ಲುಗುಡ್ಡೆ. ಹೊಲದಲ್ಲಿ ಆಯ್ದ ಕಲ್ಲನ್ನು ಒಂದೇ ಕಡೆ ಹಾಕುತ್ತಾರಲ್ಲ, ನೇಗಿಲು ಹೋಗದ ಜಾಗ, ಅದು.

"ಇದು ತಾಯಿ" ಅಂದ ಯಜಮಾನ. "ಉಳಿದವೆಲ್ಲಾ ಇದರ ಮಕ್ಕಳು. ಇದರ ಕಾಯಿ ಕುರಿ ತಿಂದು ಹಿಕ್ಕೆ ಹಾಕಿ ಹೊಲ ತುಂಬೈತೆ."

"ಎಷ್ಟು ವರ್ಷದ್ದು?"

"ಇಪ್ಪತ್ತರ ಮ್ಯಾಲೆ."

ನಾನು ಕಲ್ಲಿನ ಮೇಲೆ ಕೂತೆ. ಇಪ್ಪತ್ತೊಂದು ವರ್ಷದ ಹಿಂದೆ ಈ ಹೊಲದಲ್ಲಿ ಜಾಲಿ ಇದ್ದಿದ್ದರೆ ಅಕ್ಕನ ಗಂಡ ಮುಳ್ಳು ತರೋಕೆ ಕೆರೆ ಏರಿಯವರೆಗೆ ಯಾಕೆ ಹೋಗುತ್ತಿದ್ದ? ಬೇಸಿಗೆ, ಜಾಲಿ ಕಾಯಿ ಬಿಡೋ ಕಾಲ. ಕಾಯಿ ಸಮೇತ ಕಡಿದು ತಂದು, ಕೂಸಿನ ಮೇಲೆ ಹಾಕಿ, ಹಾರದ ಹಾಗೆ ಕಲ್ಲು ಹೇರಿದ್ದಾನೆ. ಮಳೆಗೆ ಬೀಜ ಹುಟ್ಟಿದೆ. ಮೊದಲ ದಿನ ಊಟಕ್ಕೆ ಮುಂಚೆ ಕೀಳೋಣ ಅಂತ ನಾನು ಮಷಿನ್ ತಿರುಗಿಸಿದ್ದು ಇದೇ ಮೆಳೆಯ ಕಡೆ. ಮೂರು ಮುಳ್ಳು ಅಡ್ಡ ಬಂದಿದ್ದವು. ಬೈದದ್ದು ನೆನಪಾಗಿ ಕಲ್ಲಿನ ಮೇಲಿಂದ ಎದ್ದು ನಿಂತೆ.

ಐದು ಗಂಟೆಗೆ ಅಕ್ಕ ಬಂದಾಗ ನಾನು ತಲೆ ಆಡಿಸಲಿಲ್ಲ. ಕರೆದುಕೊಂಡು ಹೋಗಿ ಗಿಡದ ಮುಂದೆ ನಿಲ್ಲಿಸಿ, ನನಗೆ ಹೊಳೆದದ್ದನ್ನು ಹೊಳೆದ ಹಾಗೆ ಹೇಳಿದೆ. ಖಾತ್ರಿ ಅಂತ ಹೇಳಲ್ಲ ಅಕ್ಕಾರೆ, ಅಗೆದು ನೋಡಿಲ್ಲ, ಅಗೆಯೋದೂ ಇಲ್ಲ ಅಂದೆ. ಅವರು ಕಲ್ಲುಗುಡ್ಡೆ ನೋಡಿದರು, ಗಿಡದ ತುದಿಯವರೆಗೆ ನೋಡಿದರು.

"ಈ ಗಿಡ ನನಗೆ ಗೊತ್ತು" ಅಂದರು. "ಹೊಲಕ್ಕೆಲ್ಲಾ ಇದೊಂದೇ ಜಾಲಿ ಇತ್ತು ಆಗ. ಕಳೆ ತೆಗೆಯಾಕೆ ಬಂದಾಗೆಲ್ಲಾ ಹೇಳ್ತಿದ್ದೆ, ಅದನ್ನ ಕಡ್ದು ಹಾಕ್ರಿ, ಹೊಲ ಕೆಡ್ಸುತ್ತೆ ಅಂತ. ಇರ್ಲಿ ಬಿಡು, ನೆರಳಿಗಾತು ಅಂತಿದ್ರು. ಜಗಳ ಆಡೀನಿ. ಒಂದ್ಸಲ ನಾನೇ ಮಚ್ಚು ತಗಂಡು ಬಂದಿದ್ದೆ. ಕೈಯಾಗಿಂದ ಕಿತ್ಕಂಡ್ರು. ಒಂದು ಗಿಡಕ್ಕೆ ಇಷ್ಟು ಸಿಟ್ಟಾ ಅಂತ ಎರಡು ದಿನ ಮಾತಾಡ್ಲಿಲ್ಲ ನಾನು." ಆಮೇಲೆ ಆ ಕಲ್ಲಿನ ಮೇಲೆ ಕೂತು ಅತ್ತರು. ಇದ್ದಿಲಿನ ಮುದುಕಿ ಹೋಗಿ ಪಕ್ಕದಲ್ಲಿ ಕೂತಳು. ಗಂಡಸರು ಮೂರೂ ಜನ ಬದುವಿನ ಕಡೆ ನಡೆದೆವು.

ಆದರೆ ಗಿಡದ ಪ್ರಶ್ನೆ ಹಾಗೇ ಇತ್ತು. ಎಲ್ಲರೂ ಮತ್ತೆ ಗಿಡದ ಹತ್ತಿರ ಸೇರಿದಾಗ ಯಜಮಾನ ಮುಚ್ಚಿಡದೆ ಹೇಳಿದ: ಇದೊಂದನ್ನು ಹೀಗೇ ಬಿಟ್ಟರೆ ಮೂರು ವರ್ಷಕ್ಕೆ ಹೊಲ ಮತ್ತೆ ಜಾಲಿ. ಕಿತ್ತರೆ ಬೇರಿನ ಜೊತೆ ಕೆಳಗಿರೋದೂ ಬರುತ್ತೆ. ಬುಡ ಕೊಯ್ದು ಔಷಧಿ ಬಳಿದರೆ ಅಗೆಯದೆ ಸಾಯುತ್ತೆ ಅಂತ ನಾನು ಹೇಳಿ ನೋಡಿದೆ. "ಅವಳ ಮ್ಯಾಲೆ ವಿಷ ಸುರಿಯೋದಾ?" ಅಂದರು ಅಕ್ಕ. ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಮೈದುನ ಕಲ್ಲುಗುಡ್ಡೆಯ ಸುತ್ತ ಹೆಜ್ಜೆ ಅಳೆದು ಬಂದು, "ಸುತ್ತ ಎರಡು ಗುಂಟೆ ಬಿಟ್ಟು ಉಳ್ತೀನಿ ಅತ್ತಿಗೆ" ಅಂದ.

"ಕಾಯಿ ಬಿಟ್ರೆ ತಾನೆ ಹೊಲ ಕೆಡೋದು?" ಅಂತ ಅಕ್ಕ ಯಜಮಾನನನ್ನು ಕೇಳಿದರು. ಹೌದು ಅಂದ. "ಹಂಗಾದ್ರೆ ಬುಡ ಯಾರೂ ಮುಟ್ಟಬ್ಯಾಡ್ರಿ. ಹೂ ಕಂಡ ಕೂಡ್ಲೇ ಮ್ಯಾಲಿನ ಚಿಗುರು ಪೂರಾ ನಾನೇ ಬಂದು ಕಡೀತೀನಿ, ನಾಳೆಯಿಂದ್ಲೇ ಶುರು. ನಾನಿರೋವರ್ಗೂ ತಪ್ಪಲ್ಲ."

ಮರುದಿನ ಉಳಿದ ಬುಡಗಳನ್ನೆಲ್ಲಾ ಕಿತ್ತು ಮುಗಿಸಿ, ಮಷಿನ್ ಹೊರಗೆ ತಂದು ನಿಲ್ಲಿಸಿದೆ. ಅಕ್ಕ ಹಾಸ್ಟೆಲ್ಲಿಗೆ ರಜೆ ಹಾಕಿ ಬೆಳಗ್ಗೆಯೇ ಬಂದಿದ್ದರು, ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು. ಕೈಯಲ್ಲಿ ಮಚ್ಚು ಇತ್ತು. ಗಿಡದ ಹತ್ತಿರ ಹೋದವರು ನನ್ನ ಕಡೆ ತಿರುಗಿ ಮಚ್ಚನ್ನು ಚಾಚಿದರು.

"ಮೊದ್ಲು ನೀವು ಹಾಕ್ರಿ ಅಣ್ಣಾರೆ."

"ನಾನ್ಯಾಕೆ ಅಕ್ಕಾರೆ, ನಿಮ್ಮ ಮೈದುನ್ರು ಅದಾರಲ್ಲ."

"ಜವಳ ತೆಗ್ಸಾಕೆ ಅವಳಿಗೆ ದಿನ ಸಾಲಲಿಲ್ಲ. ಮೊದಲ ಕೂದಲಿಗೆ ಸೋದರಮಾವನೇ ಕತ್ತರಿ ಹಾಕಬೇಕಲ್ಲೇನ್ರಿ? ನನಗೆ ಒಡಹುಟ್ಟಿದ ಗಂಡು ಇಲ್ಲ" ಅಂದರು.

ಚಪ್ಪಲಿ ಬಿಟ್ಟೆ. "ಮುಳ್ಳದಾವೆ, ಹಾಕ್ಕಳ್ರಿ" ಅಂದರೂ ಹಾಕಿಕೊಳ್ಳಲಿಲ್ಲ. ಮಚ್ಚು ತಗೊಂಡು, ಕೈಗೆ ಎಟಕುವ ಒಂದು ಎಳೆಯ ಕೊಂಬೆ ಹಿಡಿದೆ. ನೆಲಕ್ಕೆ ಬೀಳಬಾರದು ಅಂತ ಅವರು ಕೆಳಗೆ ಸೆರಗು ಒಡ್ಡಿ ನಿಂತರು. ಒಂದೇ ಏಟಿಗೆ, ಮೆಲ್ಲಗೆ, ಕಡಿದೆ. ಮುಳ್ಳು, ಎಲೆ ಸಮೇತ ಅವರ ಸೆರಗಿಗೆ ಬಿತ್ತು.

"ಚುಚ್ಚುತ್ತೆ ಅಕ್ಕಾರೆ."

"ಚುಚ್ಚಲಿ ಬಿಡ್ರಿ" ಅಂದರು. ಸೆರಗು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈಯಿಂದ ಮಚ್ಚು ತಗೊಂಡು, ಉಳಿದದ್ದನ್ನೆಲ್ಲಾ ಅವರೇ ಕಡಿದರು.